ಒಣಹಳ್ಳದ ಆಚೆ ದಂಡೆಯ ಊರು

ಹಿರೇಕಲ್ಲ ಬಯಲು, ಕೊಪ್ಪಳ ಸೀಮೆ
ಫೆಬ್ರವರಿ ಮೂವತ್ತು, 2231

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ,

ತಾರೀಕು ತಪ್ಪಿ ಬರೆದಿಲ್ಲ. ನಮ್ಮ ಕಾಲದವರು ತಿಂಗಳುಗಳನ್ನು ಸಮ ಮಾಡಿಕೊಂಡಿದ್ದಾರೆ. ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ.

ನನ್ನ ಹೆಸರು ಹೊನ್ನವ್ವ ಕಲ್ಲೂರ. ಕಸುಬು ನೆಲಓದು. ಊರನ್ನೋ ರಸ್ತೆಯನ್ನೋ ಕಟ್ಟುವ ಮೊದಲು ಬೇಸಿಗೆ, ಮಳೆ, ಚಳಿ ಮೂರರಲ್ಲೂ ಆ ನೆಲದ ಮೇಲೇ ಇದ್ದು, ಅಲ್ಲಿ ಏನೇನು ಬದುಕಿದೆ, ನೀರು ಎತ್ತ ಹರಿಯುತ್ತದೆ ಎಂದು ನೋಡಿ ಹೇಳುವ ಕೆಲಸ. ಅದು ಮುಗಿಯದೆ ಯೋಜನಾ ಮಂಡಳಿ ಗುದ್ದಲಿ ಎತ್ತುವಂತಿಲ್ಲ.

ಕಡಲು ಏರಿ ಅಂಕೋಲೆ ಕಡೆಯ ಊರೊಂದು ಮುಳುಗಿದಾಗ, ಅಲ್ಲಿನ ಅಂಬಿಗ ಕುಟುಂಬಗಳಿಗೆ ಈ ಬಯಲನ್ನು ಗೊತ್ತುಮಾಡಿದರು. ನನ್ನ ನೆಲಓದು ಮುಗಿಯುವ ತನಕ ಅವರು ಹಳೆಯ ರೈಲು ಗೋದಾಮಿನಲ್ಲಿ, ಸೀರೆಗಳನ್ನು ಅಡ್ಡಕಟ್ಟಿ ಕೋಣೆ ಮಾಡಿಕೊಂಡಿದ್ದರು. ನಾನು ಆ ದಾರಿಯಲ್ಲಿ ಹಾದರೆ ಸಾಕು, ಮುಗಿಯಿತೇ ಎಂಬಂತೆ ಎಲ್ಲರೂ ಮುಖ ನೋಡುತ್ತಿದ್ದರು. ಬೇಸಿಗೆ, ಮಳೆಗಾಲಗಳು ಸುಸೂತ್ರವಾಗಿ ಕಳೆದವು. ಚಳಿಗಾಲದಲ್ಲಿ, ಊರಿನ ನಡುಚೌಕ ಬರಬೇಕಿದ್ದ ಬಂಡೆಗುಡ್ಡದೊಳಗೆ ತೋಳವೊಂದು ಮರಿ ಹಾಕಿರುವುದು ಕಂಡಿತು. ಗುಹೆಯಲ್ಲಿದ್ದ ಹಳೆಯ ಮೂಳೆಗಳನ್ನು ನೋಡಿದರೆ, ತೋಳಗಳು ತಲೆಮಾರುಗಳಿಂದ ಅಲ್ಲಿಗೇ ಬರುತ್ತಿದ್ದುದು ಸ್ಪಷ್ಟವಿತ್ತು.

ಗೋದಾಮಿಗೆ ಹೋಗಿ ಹೇಳಿದೆ. ಅಂಬಿಗರ ಹಿರಿಯಳಾದ ತುಳಸು ಎದ್ದು ನಿಂತಳು.

"ಕಡಲು ನಮ್ ಮನೆ ತಕಂಡ್ ಹೋಯ್ತು. ಈಗ ತೋಳವೂ ತಕಂಡ್ ಹೋಗ್ತದ್ಯೇನೆ?"

"ಮನಿ ಎಲ್ಲೂ ಹೋಗೂದಿಲ್ಲವ್ವ. ಒಣಹಳ್ಳದ ಆಚೆ ದಂಡಿಗೆ ಸರಿಸೋಣು."

"ಅಲ್ಲಿ ನೀರದ್ಯಾ?"

ಇರಲಿಲ್ಲ. ಬಾವಿಗೆ ನೀರು ಸಿಗುವುದು ಬಂಡೆಗುಡ್ಡದ ಬುಡದಲ್ಲಿ ಮಾತ್ರ. ಅದನ್ನೇ ಹೇಳಿದೆ.

"ಮೊದ್ಲು ಆ ತೋಳವನ್ನ ತೋರ್ಸು," ಎಂದಳು.

ಮರುದಿನ ಇಳಿಹೊತ್ತಿನಲ್ಲಿ ದೂರದ ದಿಬ್ಬದ ಮೇಲೆ ಇಬ್ಬರೂ ಬೋರಲಾಗಿ ಮಲಗಿ ಕಾದೆವು. ತಾಯಿತೋಳ ಬಂತು. ಮರಿಗಳು ಉರುಳಾಡುತ್ತ ಹೊರಬಂದು ಅದರ ಬಾಯಿ ನೆಕ್ಕಿದವು. ಅದು ತಿಂದದ್ದನ್ನು ಕಕ್ಕಿ ಉಣಿಸಿತು. ಗೋದಾಮಿನ ಬಾಗಿಲಿಗೆ ಬಂದ ಮೇಲೆ ತುಳಸು ನನ್ನ ಕೈ ಹಿಡಿದು ಹೇಳಿದಳು: "ಮನೆ ಆಚೆಗೇ ಆಗ್ಲಿ. ಆದ್ರೆ ನೀರು ಮೊದ್ಲು, ಗೋಡೆ ಆಮೇಲೆ."

ಮಂಡಳಿ ಒಪ್ಪಲಿಲ್ಲ. ಈಗ ಆಚೆ ದಂಡೆಯಲ್ಲಿ ಮನೆ ಕಟ್ಟೋಣ, ಗುಡ್ಡದ ಬುಡದ ಬಾವಿಯಿಂದ ಕೊಳವೆ ಮುಂದಿನ ವರ್ಷ, ಅದಾಗದಿದ್ದರೆ ಗುಡ್ಡದ ಬಳಿಯೇ ಕಟ್ಟುತ್ತೇವೆ ಎಂದರು. ಗುಡ್ಡದ ಬಳಿ ಕಟ್ಟಲು ನಾನು ಒಪ್ಪಿಗೆ ಕೊಡುವುದಿಲ್ಲವೆಂದೆ. ನೀರು ಬಾರದೆ ಗೋದಾಮು ಬಿಟ್ಟು ಕದಲುವುದಿಲ್ಲವೆಂದು ತುಳಸು ಸಭೆಯಲ್ಲೇ ಹೇಳಿದಳು. ಅವಳ ಹಿಂದೆ ಊರಿಗೆ ಊರೇ ಬಂದು ಕೂತಿತ್ತು. ಕೊನೆಗೆ ಕೊಳವೆ ಬಂತು. ಅಷ್ಟರಲ್ಲಿ ಮಳೆ ಹಿಡಿಯಿತು. ಗೋದಾಮು ಬಿಟ್ಟು ಬಂದಿದ್ದ ಎಲ್ಲರೂ ಚಾವಣಿ ಮುಗಿದಿದ್ದ ನಾಲ್ಕಾರು ಮನೆಗಳಲ್ಲೇ ಒತ್ತಿಕೊಂಡು ಮಲಗಿದರು. ನನ್ನನ್ನು ಬೈದವರೂ ಇದ್ದರು. ನನಗೂ ನಿದ್ದೆ ಬರಲಿಲ್ಲ.

ಈಗ ಏಳು ವರ್ಷ. ನಾನೂ ಈ ಊರಲ್ಲೇ ಮನೆ ಮಾಡಿದ್ದೇನೆ. ಅಂಬಿಗರು ಹೊಂಡ ತೋಡಿ ಮೀನು ಸಾಕುತ್ತಾರೆ. ಬೆಳಿಗ್ಗೆ ಇಡೀ ಬೀದಿ ಅವರ ಮೀನಿನ ಮಸಾಲೆಯ ಘಾಟಿನಿಂದ ತುಂಬುತ್ತದೆ, ಜೊತೆಗಿನ ರೊಟ್ಟಿ ನಮ್ಮ ಕಡೆಯದು. ಮನೆಗಳ ನಡುವೆ ಬಿಡುದಾರಿ ಇದೆ, ಅಂದರೆ ಪ್ರಾಣಿಗಳಿಗೆಂದು ಬೆಳಕು, ಬೇಲಿ ಇಲ್ಲದೆ ಬಿಟ್ಟ ಪಟ್ಟಿ. ಆಗೀಗ ಒಂದು ಕುರಿ ತೋಳದ ಪಾಲಾಗುತ್ತದೆ. ತುಳಸು ಗುಡ್ಡದ ಕಡೆ ತಿರುಗಿ ಬಾಯಿತುಂಬ ಬೈದು, ಒಳಗೆ ಹೋಗಿ ಚಹಾ ಕಾಸುತ್ತಾಳೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದಲ್ಲೂ ಈ ಬಯಲಿಗೆ ಸಮೀಕ್ಷೆಯವರು ಬರುತ್ತಾರೆ ಎಂದು ಬಲ್ಲೆ. ಬರುವುದು ಬೇಸಿಗೆಯಲ್ಲಿ, ಒಂದೇ ವಾರಕ್ಕೆ, ಹುಲ್ಲು ಒಣಗಿರುತ್ತದೆ. ಪಾಳುಭೂಮಿ, ಇಲ್ಲಿ ಏನೂ ಇಲ್ಲ ಎಂದು ಬರೆಯುವ ಮುನ್ನ ದಯವಿಟ್ಟು ಇನ್ನೊಂದು ಸಲ ಹೋಗಿ ನೋಡಿ. ತೋಳಗಳು, ಮುಂದೆ ಬರಲಿರುವ ನಾವು, ಎಲ್ಲರೂ ಅಲ್ಲೇ ಇದ್ದೇವೆ.

ನಿಮ್ಮ,
ಹೊನ್ನವ್ವ