ಅಡಿವೆವ್ವನ ಸೊನ್ನೆ ನಿಮಿಷ

೧೨ ಡಿಸೆಂಬರ್ ೨೦೦೯, ಶನಿವಾರ. ಗಜೇಂದ್ರಗಡ.

ಅಡಿವೆವ್ವನ ಹೆಸರು ಸಮಿತಿಯಿಂದ ಹೋಯಿತು. ಹೊಡೆದುಹಾಕಿದವಳು ನಾನೇ.

ಹೊಳೆ ನುಗ್ಗಿದ ಮೇಲೆ ಮೆಣಸಗಿಯಲ್ಲಿ ಹೊಸ ಮನೆಗಳ ಜಾಗ ಆರಿಸಲು ಊರವರ ಆ ಸಮಿತಿಯ ಮೂರು ಸಭೆ ಮಾಡಿದೆವು. ಮೂರನ್ನೂ ರೆಕಾರ್ಡ್ ಮಾಡಿದೆ. ನಾನು ಕೆಲಸ ಮಾಡುವ ಸಂಸ್ಥೆಯ ಕಂಪ್ಯೂಟರು ದನಿಗಳನ್ನು ಬೇರ್ಪಡಿಸಿ, ಯಾರು ಎಷ್ಟು ಹೊತ್ತು ಮಾತಾಡಿದರೆಂದು ಪಟ್ಟಿ ಕೊಡುತ್ತದೆ. ಸಮಿತಿಯ ಇನ್ನೊಬ್ಬ ಹೆಂಗಸು ಜಹೀದಾ ಹನ್ನೊಂದು ನಿಮಿಷ. ಅಡಿವೆವ್ವ ಸೊನ್ನೆ. ‘ಆಸಕ್ತಿ ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಎಷ್ಟು ಸಲೀಸಾಗಿ ಬರೆದೆ!

ಇವತ್ತು ಮೆಣಸಗಿಯಲ್ಲಿ ಬಸ್ಸಿಗೆ ನಿಂತಿದ್ದಾಗ ಜಹೀದಾ ಹುಡುಕಿಕೊಂಡು ಬಂದಳು. “ಅಕ್ಕಾರ, ಆಕೀನ್ನ ತಗದ್ರ ನಾ ಏನ್ ಮಾತಾಡ್ಲಿರಿ? ನಾ ಅಂದಿದ್ದೆಲ್ಲಾ ಆಕೀ ಮಾತ. ಮಾವ ಎದುರಿಗೆ ಕುಂತಿರ್ತಾನ, ಸೊಸಿ ಹ್ಯಾಂಗ ದನಿ ತಗೀಬೇಕು? ನನ್ನ ಕಿವ್ಯಾಗ ಹೇಳ್ತಿದ್ಲು.”

ನಾನೂ ಈ ಕಡೆಯವಳೇ. ನನ್ನವ್ವ ಅಜ್ಜನ ಮುಂದೆ ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ. ಆದರೂ ಹೊಳೆಯಲಿಲ್ಲವಲ್ಲ.

ಕೋಣೆಗೆ ಬಂದು ಇಯರ್‌ಫೋನ್ ಹಾಕಿಕೊಂಡು ಮೊದಲ ಸಭೆಯಿಂದ ರೆಕಾರ್ಡ್ ಕೇಳಿದೆ. “ಆ ಜಾಗ ತಗ್ಗಿನ್ಯಾಗೈತಿ, ಮತ್ತ ನೀರ ಬರತೈತಿ” ಎಂದು ಜಹೀದಾ ಗಟ್ಟಿಯಾಗಿ ಹೇಳುವ ಮೊದಲು ಒಂದು ಪಿಸುದನಿ ಇದೆ. ಯಂತ್ರ ಅದನ್ನು ಗದ್ದಲವೆಂದು ಬಿಟ್ಟಿದೆ.

ಮೂರನೇ ಸಭೆಯಲ್ಲೂ ಆ ಪಿಸುದನಿ ಶುರುವಾಗುತ್ತದೆ. ಅದರ ಮೇಲೆ ಇನ್ನೊಂದು ದನಿ, ಸಿಟ್ಟಿನದು: “ಗುಸುಗುಸು ಬಂದ್ ಮಾಡ್ರಿ, ರೆಕಾರ್ಡ್ ನಡದೈತಿ!”

ಅದು ನನ್ನದು. ಪಟ್ಟಿಯಲ್ಲಿ ನನಗೆ ಇಪ್ಪತ್ತಾರು ನಿಮಿಷ.

ಆಮೇಲೆ ಪಿಸುದನಿ ಇಲ್ಲ, ಜಹೀದಾಳೂ ಮಾತಾಡಿಲ್ಲ. ತಗ್ಗಿನ ಜಾಗಕ್ಕೇ ಗಂಡಸರೆಲ್ಲ ಹೂಂ ಅಂದಿದ್ದಾರೆ. ಸೋಮವಾರ ಅಲ್ಲಿ ಅಳತೆ ಶುರು. ಅಷ್ಟರೊಳಗೆ ಹೋಗಿ ಅಡಿವೆವ್ವನಿಗೆ ನಾನು ಏನೆಂದು ಹೇಳಲಿ?