ನೂರಕ್ಕೆ ಎರಡೂವರೆ

ಮಣಿಪಾಲ
೧೮ ಸೆಪ್ಟೆಂಬರ್ ೧೯೮೮

ಪ್ರೀತಿಯ ಆಲಿಸ್,

ನಿನ್ನ ಕಾಗದ ಬಂದು ಎರಡು ತಿಂಗಳು ದಾಟಿತು. ಬೈದುಕೊಂಡಿರುತ್ತೀ, ಬೈದುಕೋ. ವಾರ್ಡಿನಲ್ಲಿ ಜ್ವರದವರು ತುಂಬಿದ್ದರು ಎಂದು ನೆಪ ಹೇಳಬಹುದು, ಆದರೆ ನಿಜ ಅದಲ್ಲ. ಒಂದು ಕೆಲಸಕ್ಕೆ ಕೈಹಾಕಿದ್ದೆ. ಅದು ಮುಗಿದ ಮೇಲೆಯೇ ನಿನಗೆ ಬರೆಯುವುದೆಂದು ಹಟ ಹಿಡಿದು ಕೂತಿದ್ದೆ. ಈಗ ಮುಗಿಯಿತು. ನಿನ್ನ ಮಂಡಿನೋವು ಹೇಗುಂಟು? ಹುಬ್ಬಳ್ಳಿಯಲ್ಲಿ ಒಳ್ಳೆಯ ಎಣ್ಣೆ ಸಿಗದಿದ್ದರೆ ಹೇಳು, ಇಲ್ಲಿಂದ ಯಾರ ಕೈಯಲ್ಲಾದರೂ ಕಳಿಸುತ್ತೇನೆ.

ಆಲ್ಫೋನ್ಸ್ ಸಿಕ್ಕಿದ. ಹೌದು, ಕಾರ್ಕಳದ ಅದೇ ಆಲ್ಫೋನ್ಸ್.

ಜೂನ್ ಕೊನೆಗೆ ನಮ್ಮ ನರ್ಸುಗಳ ಕ್ವಾರ್ಟರ್ಸಿನ ಹಾಲಿನಲ್ಲಿ ಒಂದು ಸಭೆ ಕರೆದಿದ್ದರು. ನಿವೃತ್ತಿಗೆ ಹಣ ಕೂಡಿಸುವ ಯಾವುದೋ ಖಾಸಗಿ ನಿಧಿಯ ಏಜೆಂಟರು ಬರುತ್ತಾರೆ ಎಂದರು. ನನಗೆ ಬೇಕಾದ ವಿಷಯವೇ. ನಲವತ್ತೇಳಾಯಿತು, ಮುದಿತನದಲ್ಲಿ ಗಂಜಿ ಕೊಡಲು ನನಗೆ ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಹಾಗಾಗಿ ಮೊದಲೇ ಉಡುಪಿಗೆ ಹೋಗಿ, ಬ್ಯಾಂಕಿನವರು ಮಾರುವ ಇನ್ನೊಂದು ನಿಧಿಯ ವಿಷಯವನ್ನೂ ವಿಚಾರಿಸಿ ಬಂದಿದ್ದೆ.

ಸಭೆಯ ದಿನ ಬಾಗಿಲಲ್ಲಿ ಕಂಡವನು ಅವನು. ಕೂದಲು ಹೋಗಿದೆ, ಹೊಟ್ಟೆ ಬಂದಿದೆ. ಆದರೆ ನಗುವಾಗ ತುಟಿಯ ಎಡಬದಿ ಮೇಲೇಳುವುದು ಹಾಗೆಯೇ ಉಂಟು. ನಿನಗೆ ಎಲ್ಲ ಗೊತ್ತುಂಟಲ್ಲ. ಒಂದು ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಊರವರಿಗೆಲ್ಲ ಕೇಳುವ ಹಾಗೆ ನಮ್ಮಿಬ್ಬರ ಮದುವೆಯ ಕರೆ ಓದಿದರು. ಮುಂದಿನ ಭಾನುವಾರ ಎರಡನೆಯ ಸಲ ಓದುವ ಮೊದಲೇ ಅವನು ಹೆಚ್ಚು ವರದಕ್ಷಿಣೆ ಕೊಡುವ ಮನೆಗೆ ಮಾತು ಕೊಟ್ಟಾಗಿತ್ತು. ಅಪ್ಪ ಸಾಯುವವರೆಗೆ ಆ ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ನನ್ನ ಅಳು ಹೊರಗೆ ಕೇಳದ ಹಾಗೆ ನನ್ನ ಬಾಯಿಗೆ ಸೆರಗು ಒತ್ತಿ ಹಿಡಿದವಳು ನೀನು.

ಮಾತು ಚೆನ್ನಾಗಿಯೇ ಆಡಿದ. ಇಟ್ಟ ಹಣ ವರ್ಷಕ್ಕೆ ನೂರಕ್ಕೆ ಹತ್ತರಂತೆ ಬೆಳೆಯುತ್ತದೆ, ಕಣ್ಣು ಮುಚ್ಚಿ ಮಲಗಬಹುದು ಎಂದ. ಎಲ್ಲೂರಿನ ಮೂಕಾಂಬಿಕಾ, ನಮ್ಮಲ್ಲಿ ಹೊಸತಾಗಿ ಸೇರಿದವಳು, ಸಹಿ ಹಾಕಿಯೇ ಬಿಟ್ಟಳು. ನಾನು ಎದ್ದು ನಿಂತೆ.

"ಅದರಲ್ಲಿ ನಿಮ್ಮ ಪಾಲೆಷ್ಟು?"

"ಪಾಲು ಅಲ್ಲ ಸಿಸ್ಟರ್, ನಿರ್ವಹಣೆಯ ಖರ್ಚು. ನೂರಕ್ಕೆ ಎರಡೂವರೆ. ಚಾ ಕುಡಿಯುವಷ್ಟು."

"ಲಾಭದ ನೂರಕ್ಕೋ, ಇಟ್ಟ ಹಣದ ನೂರಕ್ಕೋ?"

ಅವನ ಸ್ವರ ತಗ್ಗಿತು. ಒಟ್ಟು ಹಣದ ಮೇಲೆ, ಪ್ರತಿ ವರ್ಷವೂ ಎಂದು ಒಪ್ಪಿಕೊಂಡ.

ನಾನು ಕರಿಹಲಗೆಯ ಹತ್ತಿರ ಹೋದೆ. ಬ್ಯಾಂಕಿನವರ ನಿಧಿಯೂ ಇಂಥದ್ದೇ ಕಂಪೆನಿಗಳಲ್ಲಿ ಹಣ ಹಾಕುತ್ತದೆ, ಹಿಡಿದುಕೊಳ್ಳುವುದು ಮಾತ್ರ ನೂರಕ್ಕೆ ಅರ್ಧ ರೂಪಾಯಿ ಎಂದೆ. ತಿಂಗಳಿಗೆ ನೂರು ರೂಪಾಯಿಯಂತೆ ಇಪ್ಪತ್ತು ವರ್ಷ ಇಟ್ಟರೆ, ಎರಡೂ ಒಂದೇ ಸಮ ಬೆಳೆದರೂ, ಇವರಲ್ಲಿ ಇಟ್ಟವಳಿಗೆ ಹತ್ತಿರ ಹತ್ತಿರ ಹದಿಮೂರು ಸಾವಿರ ಕಡಿಮೆ ಬರುತ್ತದೆ ಎಂದು ಲೆಕ್ಕ ಬಿಡಿಸಿ ತೋರಿಸಿದೆ. ಹುಡುಗಿಯರಿಗೆ ಅದು ಎಷ್ಟೆಂದು ಹೊಳೆಯಲಿಲ್ಲ. "ಐದು ಪವನು ಚಿನ್ನ," ಎಂದೆ. ಆಗ ಅರ್ಥವಾಯಿತು. ಮೂಕಾಂಬಿಕಾ ಎದ್ದುಹೋಗಿ ತನ್ನ ಫಾರಂ ವಾಪಸು ಕೇಳಿದಳು. ಹಾಲು ಖಾಲಿಯಾಯಿತು. ಅವನು ಒಬ್ಬನೇ ಕೂತು ಬ್ಯಾಗಿಗೆ ಕಾಗದ ತುಂಬುತ್ತಿದ್ದದ್ದನ್ನು ನಾನು ಕೊನೆಯವರೆಗೆ ನಿಂತು ನೋಡಿದೆ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಅವನು ಮುಂದೆ ಎಲ್ಲಿಗೆ ಹೋಗುತ್ತಾನೆಂದು ವಿಚಾರಿಸಿ, ರಜೆ ಹಾಕಿ, ಅವನಿಗಿಂತ ಮೊದಲು ಅಲ್ಲಿಗೆ ಹೋದೆ. ಕಾಪುವಿನಲ್ಲಿ ನನ್ನ ಹಳೆಯ ಪೇಷಂಟ್ ಖೈರುನ್ನಿಸಾ ಇದ್ದಾಳೆ, ಗಂಡ ಸೌದಿಯ ದಮ್ಮಾಮಿನಲ್ಲಿ. ಅವಳು ನೆರೆಯ ಹೆಂಗಸರನ್ನೆಲ್ಲ ಜಗಲಿಗೆ ಕರೆದಳು. ಬೆವರು ಸುರಿಸಿ ಕಳಿಸಿದ ದುಡ್ಡಿನಿಂದ ಪ್ರತಿ ವರ್ಷ ಯಾರು ಎಷ್ಟು ಕೀಳುತ್ತಾರೆಂದು ಕೇಳದೆ ಕೊಡಬೇಡಿ ಎಂದೆ. ನಿಟ್ಟೆಯಲ್ಲಿ ಕಾಲೇಜಿನ ಆಫೀಸಿನವರಿಗೆ ಹೇಳಿದೆ. ಕಾರ್ಕಳದಲ್ಲಿ ಟೀಚರುಗಳಿಗೆ ಹೇಳಿದೆ, ಅದೂ ಅದೇ ಇಗರ್ಜಿಯ ಅಂಗಳದಲ್ಲಿ ನಿಂತು. ಒಂದೂ ಸುಳ್ಳು ಹೇಳಲಿಲ್ಲ ಆಲಿಸ್. ಸುಳ್ಳು ಬೇಕಾಗಲೇ ಇಲ್ಲ, ಅದರಷ್ಟು ಸಂತೋಷ ಬೇರೆ ಉಂಟಾ?

ಆಗಸ್ಟಿನಲ್ಲಿ ನಿಧಿಯವರು ಅವನನ್ನು ತೆಗೆದುಹಾಕಿದರು.

ಹತ್ತು ದಿನದ ಹಿಂದೆ ಅವನ ಹೆಂಡತಿ ಮ್ಯಾಗ್ಡಲಿನ್ ಆಸ್ಪತ್ರೆಗೆ ಬಂದಳು. ಗಂಡ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಾನೆ, ಊಟ ಸೇರುವುದಿಲ್ಲ, ಮಗಳಿಗೆ ಬಂದ ಸಂಬಂಧವೂ ಹಿಂದೆ ಸರಿಯಿತು ಎಂದೆಲ್ಲ ಹೇಳಿದಳು. ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ.

"ನಮ್ಮ ಮೇಲೆ ನಿಮಗೆಂತ ಹಗೆ?" ಎಂದು ಕೇಳಿದಳು.

"ಹಗೆ ಎಂತದ್ದೂ ಇಲ್ಲ. ನೂರಕ್ಕೆ ಎರಡೂವರೆ ಹೆಚ್ಚಾಯಿತು, ಅಷ್ಟೆ," ಎಂದೆ.

ಕನಿಕರ ಬರಲಿಲ್ಲ. ಬಂದಿದ್ದರೆ ನಿನ್ನಲ್ಲಿ ಮುಚ್ಚಿಡುತ್ತಿರಲಿಲ್ಲ. ಆ ದಿನ ಮಧ್ಯಾಹ್ನ ಮೆಸ್ಸಿನಲ್ಲಿ ಮಟ್ಟುಗುಳ್ಳದ ಹುಳಿ ಮಾಡಿದ್ದರು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ನೀನು ಕೂಡಿಸಿದ್ದನ್ನು ಎಲ್ಲಿ ಇಟ್ಟಿದ್ದೀ? ಅವರು ವರ್ಷಕ್ಕೆ ಎಷ್ಟು ಹಿಡಿಯುತ್ತಾರೆಂದು ನಾಳೆಯೇ ಹೋಗಿ ಕೇಳು, ನಾಚಿಕೆ ಮಾಡಬೇಡ. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಿನ್ನ ಮನೆಯ ದೀಪ ಆರದಿರಲಿ.

ನಿನ್ನ
ಡುಲ್ಸಿನ್

ಮರೆತದ್ದು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು. ಮ್ಯಾಗ್ಡಲಿನ್ ಹೊರಡುವಾಗ ಇನ್ನೊಂದು ಮಾತು ಹೇಳಿದಳು. ನನ್ನ ಹೆಸರು ಯಾರಿಂದಲೋ ತಿಳಿದುಕೊಂಡು, ಕಾರ್ಕಳದ ಡುಲ್ಸಿನ್ ನಿಮಗೆ ಮೊದಲಿನಿಂದ ಗುರುತಾ ಎಂದು ಗಂಡನನ್ನು ಕೇಳಿದಳಂತೆ. ಅವನು ಬಹಳ ಹೊತ್ತು ಯೋಚಿಸಿ, "ಯಾವ ಡುಲ್ಸಿನ್? ಕಾರ್ಕಳದಲ್ಲಿ ಮನೆಗೊಬ್ಬಳು ಡುಲ್ಸಿನ್ ಇದ್ದಾಳೆ," ಎಂದನಂತೆ. ಅವನೆದುರು ನಿಂತು ಯಾರೆಂದು ಹೇಳಿ ಬರೋಣವೆಂದು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಹೇಳಿದ ಮೇಲೂ ಅವನಿಗೆ ನೆನಪಾಗದಿದ್ದರೆ ಎಂದು ಹೆದರಿ ತಿರುಗಿ ಬಂದೆ.