ಅತ್ತೆ ಬೈಕ್ ಹತ್ತಿದ ದಿನ

೧೪, ಮಂಗಳವಾರ

ಎಡ ಹೆಗಲು ಇನ್ನೂ ನೋಯುತ್ತಿದೆ.

ಬೆಳಿಗ್ಗೆ ಕಾರನ್ನು ಇವರು ಫ್ಯಾಕ್ಟರಿಗೆ ಒಯ್ದಿದ್ದರು. ಅತ್ತೆಗೆ ಹತ್ತು ಗಂಟೆಗೆ ಕಣ್ಣಿನ ಡಾಕ್ಟರು. ಮನೆಯಲ್ಲಿ ಉಳಿದದ್ದು ನಾನು ದಿನಾ ಪ್ರೆಸ್ಸಿಗೆ ಓಡಿಸುವ ಬೈಕೊಂದೇ.

"ಇನ್ನೊಂದು ಕಾರು ತಗೊಳ್ಳಿ ಅಂತ ಬಡ್ಕೊಂಡೆ. ನನ್ನ ಮಾತು ಯಾರು ಕೇಳ್ತಾರೆ? ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು!" ಎಂದು ಗೊಣಗುತ್ತಲೇ ಅತ್ತೆ ಹೆಲ್ಮೆಟ್ಟಿಗೆ ತಲೆ ಕೊಟ್ಟರು. ಪಟ್ಟಿ ಹಾಕಲು ನಾನೇ ಅವರ ಗಲ್ಲ ಎತ್ತಬೇಕಾಯಿತು. ಒಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದ್ದೇವೆ. ಅವರ ಮುಖ ಮುಟ್ಟಿದ್ದು ಇವತ್ತೇ ಮೊದಲು.

ಮೊದಲ ತಿರುವಿನಲ್ಲೇ ನನ್ನ ಹೆಗಲು ಹಿಡಿದರು. ಉಡದ ಪಟ್ಟು. ಸಿಗ್ನಲ್ಲಿನಲ್ಲಿ ನಿಂತಾಗಲೂ ಬಿಡಲಿಲ್ಲ.

ವಾಪಸು ಬರುವಾಗ, ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅವರಿಗೆ ಎಲ್ಲವೂ ಮಂಜು ಮಂಜು. "ಭಯ ಆಗುತ್ತಾ ಅತ್ತೆ?" ಎಂದೆ.

"ನೀನು ನೋಡ್ತಿದ್ದೀಯಲ್ಲ, ಸಾಕು. ನಡಿ," ಎಂದು ಬೆನ್ನಿಗೆ ಒರಗಿದರು.

ರಾತ್ರಿ ಊಟದ ಹೊತ್ತಿಗೆ ಇವರು ತಾವಾಗಿಯೇ ಕಾರಿನ ಮಾತೆತ್ತಿದರು. ಅತ್ತೆ ತಲೆಯನ್ನೂ ಎತ್ತದೆ, "ಯಾಕೋ ಇನ್ನೊಂದು ಕಾರು? ಮುಂದಿನ ತಿಂಗಳು ಕಣ್ಣು ತೋರ್ಸೋಕೂ ನಾನು ಇವಳ ಹಿಂದೆನೇ ಕೂತ್ಕೊಂಡು ಹೋಗ್ತೀನಿ," ಎಂದರು.

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಹೆಗಲ ಮೇಲೆ ಬೆರಳುಗಳ ಗುರುತಿದೆ. ಮುಲಾಮಿನ ಡಬ್ಬಿ ಎದುರಿಗೇ ಇದೆ. ಹಚ್ಚಿಕೊಳ್ಳಲು ಮಾತ್ರ ಮನಸ್ಸಿಲ್ಲ.